ಗಿಣಿ ಓಡಿಸುವ ಯಂತ್ರ

ಹಳ್ಳಿಮೈಸೂರಿನ ಪಾಲಾಕ್ಷ ಮೇಷ್ಟರು ಸೋಲೊಪ್ಪದ ಜಂಬಗಾರರು. ಮಕ್ಕಳ ಜೊತೆ ಚೌಕಾಬಾರ ಆಡುವಾಗಲೂ, ಕಾಯಿ ಕಡಿಸಿಕೊಂಡರೆ ಕವಡೆ ಸರಿಯಾಗಿ ಬೀಳಲಿಲ್ಲವೆಂದು ಮತ್ತೆ ಎಸೆಯುವ ಜಾತಿ.

೧೯೪೧ರ ಕಾರ್ತೀಕದಲ್ಲಿ ಅವರ ಶಾಲೆಯ ಮಾಯಮ್ಮ ತರಗತಿಗೆ ಬರುವುದನ್ನು ನಿಲ್ಲಿಸಿದಳು. ಜೋಳ ಹಾಲುಗಾಳಾಗಿತ್ತು, ಗಿಣಿ ಓಡಿಸಲು ಅಪ್ಪ ಹುಲಿಯಪ್ಪ ಅವಳನ್ನು ಹೊಲದ ಅಟ್ಟಣೆ ಹತ್ತಿಸಿದ್ದ. ಮೇಷ್ಟರು ಹೋಗಿ ಕೇಳಿದರು.

"ಇವಳಷ್ಟು ಜೋರಾಗಿ ಕೂಗೋ ಯಂತ್ರ ಮಾಡ್ಕೊಡಿ ಸಾ, ಕಳಿಸ್ತೀನಿ. ಆಗ್ದಿದ್ರೆ ಇಸ್ಕೂಲ್ ಮಾತು ಎತ್ಬೇಡಿ," ಎಂದ ಹುಲಿಯಪ್ಪ.

ಮರುದಿನ ತರಗತಿ ಹೊಲದ ಬದುವಿನ ಮೇಲೇ ನಡೆಯಿತು. ಮೇಷ್ಟರು ಸೀಮೆಎಣ್ಣೆ ಡಬ್ಬ ಬೋರಲು ಹಾಕಿ, ರಾಗಿ ಚೆಲ್ಲಿ, ಕೋಲಿನಿಂದ ಬಡಿದರು. ಕಾಳು ಕುಣಿದವು.

"ಸದ್ದು ಅಂದ್ರೆ ಈ ನಡುಕ ಕಣ್ರೋ. ಈಗ ಗಾಳಿಗೆ ತಾನೇ ಬಡ್ಕೊಳ್ಳೋ ಯಂತ್ರ ಮಾಡಿ. ನಾನೂ ಒಂದು ಮಾಡ್ತೀನಿ. ಗೆಲ್ಲೋದು ನಂದೇ."

ಬೀಳಬಾರದೆಂದು ಅವರು ತಮ್ಮ ಡಬ್ಬವನ್ನು ಗೂಟಕ್ಕೆ ಸುತ್ತಿ ಸುತ್ತಿ ಬಿಗಿದು, ಬಡಿಯಲು ಪಕ್ಕದಲ್ಲೊಂದು ಕೋಲು ತೂಗುಬಿಟ್ಟರು. ಗಾಳಿ ಬಂದಾಗ ಅದು ಗೋಣಿಚೀಲ ಗುದ್ದಿದಂತೆ 'ದಬ್' ಎಂದಿತು. ಗಿಣಿಯೊಂದು ಬಂದು ಅದರ ಮೇಲೇ ಕೂತಿತು.

"ನಡುಗಕ್ಕೇ ಬುಡದಂಗೆ ಕಟ್ಟಾಕ್ಬುಟ್ಟಿದ್ದೀರಲ್ಲಾ ಸಾ!" ಎಂದಳು ಮಾಯಮ್ಮ.

"ಅಧಿಕಪ್ರಸಂಗಿ! ಗಾಳಿ ಸಾಲದು, ಅಷ್ಟೇ."

ಮಾಯಮ್ಮ ಡಬ್ಬವನ್ನು ಎತ್ತರದ ಗೂಟದಿಂದ ಸಡಿಲವಾಗಿ ನೇತುಹಾಕಿ, ಗಾಳಿ ಹಿಡಿಯಲು ಹಳೆಯ ಮೊರ, ಬಡಿಯಲು ಮರದ ತುಂಡು ಕಟ್ಟಿದಳು. ಡಬ್ಬ ಖಣಗುಟ್ಟಿತು. ಗಿಣಿಗಳು ಹಾರಿ, ಸ್ವಲ್ಪ ಹೊತ್ತಿಗೆ ಮರಳಿ ಬಂದವು.

"ಒಂದೇ ತಾಳ ಆದ್ರೆ ಅವಕ್ಕೆ ಜೋಗುಳ ಕಣ್ರಲಾ," ಎಂದು ಮಕ್ಕಳಿಗೆ ಹೇಳಿ, ಸಣ್ಣದೊಂದು ದೊಡ್ಡದೊಂದು ಡಬ್ಬ ಸೇರಿಸಿದಳು. ಈಗ ಯಾವುದು ಯಾವಾಗ ಬಡಿದೀತೆಂದು ಗಿಣಿಗಳಿಗೆ ತಿಳಿಯಲಿಲ್ಲ. ಗುಂಪಾಗಿ ಪಕ್ಕದ ಹೊಲಕ್ಕೆ ಹಾರಿದವು.

"ಯಾವನ್ಲಾ ಅದು, ಗಿಣೀನೆಲ್ಲ ನನ್ ಮೇಲೆ ಬುಟ್ಟೋನು?" ಎಂದು ಅಲ್ಲಿಂದ ಮಂಚಯ್ಯ ಕೂಗಿದ. ಮಕ್ಕಳು ಬಿದ್ದು ಬಿದ್ದು ನಕ್ಕರು. ಮೇಷ್ಟರು ನಗಲಿಲ್ಲ.

ಹುಲಿಯಪ್ಪ ನೋಡಲು ಬರುವ ಹೊತ್ತಿಗೆ ಗಾಳಿ ನಿಂತಿತ್ತು. ಗಿಣಿಗಳು ಒಂದೊಂದಾಗಿ ತೆನೆಗೆ ಇಳಿಯತೊಡಗಿದ್ದವು.

"ಮದ್ವೆ ಎಣ್ಣಂಗೆ ತಲೆ ಬಗ್ಗಿಸ್ಕೊಂಡ್ ನಿಂತದಲ್ಲವ್ವಾ ನಿನ್ ಯಂತ್ರ! ನಡಿ, ಅಟ್ಟಣೆ ಮೇಕತ್ತು."

ಮಾಯಮ್ಮ ತುಟಿ ಕಚ್ಚಿ ಏಣಿಗೆ ಕಾಲಿಟ್ಟಳು. ಮೇಷ್ಟರು ಎಲ್ಲೂ ಕಾಣಲಿಲ್ಲ. ತನ್ನದು ಗೆದ್ದದ್ದು ನೋಡಲಾರದೆ ಎದ್ದು ಹೋದರೆಂದುಕೊಂಡಳು.

ಅಷ್ಟರಲ್ಲಿ ಮೂರು ಡಬ್ಬಗಳೂ ಒಟ್ಟಿಗೆ ಅರಚಿಕೊಂಡವು. ಹೊಲದ ಗಿಣಿಗಳೆಲ್ಲ ಮೇಲೆದ್ದವು.

"ಅಲಲಾ!" ಹುಲಿಯಪ್ಪ ಕಿವಿ ಮುಚ್ಚಿಕೊಂಡ. "ಸಾಕು, ಸಾಕು! ನಾಳೆಯಿಂದ ಓಗವ್ವಾ ಇಸ್ಕೂಲಿಗೆ."

ಅಟ್ಟಣೆಯ ಮೇಲಿಂದ ಮಾಯಮ್ಮ ನೋಡಿದಳು. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಜೋಳದ ದಂಟುಗಳ ನಡುವೆ ಕುಕ್ಕರುಗಾಲಲ್ಲಿ ಕೂತ ಪಾಲಾಕ್ಷ ಮೇಷ್ಟರು ಅವಳ ಯಂತ್ರದ ಗೂಟವನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸುತ್ತಿದ್ದರು.