ಒಂದು ಅಂದವರು ಯಾರು?

ನಡೆದದ್ದು ಹೀಗೆಯೇ ಎಂದು ಆಣೆ ಮಾಡಿ ಹೇಳಲಾರೆ. ಕೆಲವು ನಾನು ಕಣ್ಣಾರೆ ಕಂಡದ್ದು, ಕೆಲವು ಆಮೇಲೆ ನನಗೆ ಅನುಕೂಲವಾಗುವಂತೆ ಸೇರಿಸಿಕೊಂಡದ್ದು ಇರಬಹುದು. ಎರಡರ ನಡುವಿನ ಗೆರೆ ಈಗ ಅಳಿಸಿಹೋಗಿದೆ. ಇಷ್ಟು ವರ್ಷ ಇದನ್ನು ಬರೆಯದೆ ಉಳಿದದ್ದೂ ಅದಕ್ಕೇ.

ಕೆಲವು ತಿಂಗಳ ಹಿಂದೆ ನಮ್ಮ ಎದುರು ಮನೆಯಲ್ಲಿ ನೆಲಕ್ಕೆ ರೆಡ್ ಆಕ್ಸೈಡ್ ಹಾಕುತ್ತಿದ್ದರು. ಮೇಸ್ತ್ರಿ ಕೆಂಪು ಪುಡಿಯ ಗುಡ್ಡೆಯ ಮೇಲೆ ಚೊಂಬಿನಿಂದ ನೀರು ಚಿಮುಕಿಸಿದ. ಮೊಳೆಯನ್ನು ಬಾಯಲ್ಲಿಟ್ಟುಕೊಂಡಾಗ ನಾಲಿಗೆಗೆ ಹತ್ತುತ್ತದಲ್ಲ, ಅಂಥದೇ ಒಂದು ವಾಸನೆ... ತರಕಾರಿ ಚೀಲ ಹಿಡಿದು ಹೊರಟಿದ್ದವನು ಗೇಟಿನ ಹತ್ತಿರ ನಿಂತುಬಿಟ್ಟೆ. ಇನ್ನೇನು ಯಾರೋ ಎಣಿಸತೊಡಗುತ್ತಾರೆ ಎಂದು ಕಿವಿಗೊಟ್ಟು ನಿಂತಿದ್ದೇನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಗಣಿಗಳು ಭರ್ಜರಿಯಾಗಿ ನಡೆಯುತ್ತಿದ್ದ ಕಾಲ ಅದು. ನಾನು ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಅದಿರು ಪರೀಕ್ಷೆ ಮಾಡುವ ಒಂದು ಸಣ್ಣ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದೆ. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಪಕ್ಕದಲ್ಲಿ, ರೈಲ್ವೆ ಗೇಟು ದಾಟಿದ ಮೇಲೆ, ಶೀಟು ಹೊದಿಸಿದ ನಾಲ್ಕು ಮನೆಗಳ ಒಂದು ಸಾಲು. ಮೂರನೆಯದು ನನ್ನ ಬಾಡಿಗೆ ಕೋಣೆ. ಎರಡನೆಯದು ಅವಳ ಮನೆ. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಸಾಲಿನವರೆಲ್ಲ ಹಾಗೇ ಕರೆಯುತ್ತಿದ್ದರು. ಗಂಡ ಅದಿರಿನ ಟಿಪ್ಪರ್ ಓಡಿಸುತ್ತಿದ್ದ. ಎಂಟು ದಿನಕ್ಕೊಮ್ಮೆ ಬಂದು, ಅರ್ಧ ದಿನ ಸತ್ತಂತೆ ಮಲಗಿ, ಎದ್ದು ಹೋಗುತ್ತಿದ್ದ. ಉಳಿದಂತೆ ಆ ಮನೆ ಎಂದರೆ ಅಕ್ಕ ಮತ್ತು ಅವಳ ಐದು ಮಕ್ಕಳು. ಹಿರಿಯವಳಿಗೆ ಹನ್ನೊಂದು, ಕಿರಿಯವನಿಗೆ ಇನ್ನೂ ಮೂರು ತುಂಬಿರಲಿಲ್ಲ.

ಬೆಳಿಗ್ಗೆ ಬಚ್ಚಲ ಕಲ್ಲಿನ ಮುಂದೆ ಐದೂ ಮಕ್ಕಳು ಎತ್ತರದ ಪ್ರಕಾರ ಸಾಲಾಗಿ ಕೂರುತ್ತಿದ್ದವು. ಅಕ್ಕ ಈ ತುದಿಯಿಂದ ಆ ತುದಿಗೆ ಸೋಪು ಹಚ್ಚುತ್ತ ಹೋಗಿ, ತಿರುಗಿ ಬರುವಾಗ ನೀರು ಹಾಕುತ್ತ ಬರುತ್ತಿದ್ದಳು. ನಡುವಿನವರ ಕಣ್ಣು ಉರಿದು ರಾಗ ಎಳೆದರೆ, “ಬಾಯಿ ಮುಚ್ಚಲೇ, ಸೋಪು ಒಳಗ ಹೋತಂದ್ರ ಉಂಡಿದ್ದೆಲ್ಲಾ ನೊರಿ ಬರ್ತೈತಿ” ಎನ್ನುತ್ತಿದ್ದಳು. ಬೇಯಿಸಿದ ಮೊಟ್ಟೆಯನ್ನು ದಾರದಿಂದ ಐದು ಹೋಳು ಮಾಡುತ್ತಿದ್ದಳು. ಒಳಗಿನ ಹಳದಿ ಯಾರಿಗೆ ಹೆಚ್ಚು ಬಂತೆಂದು ಪ್ರತಿಸಲವೂ ಜಗಳ. ಬಟ್ಟೆ ಒಗೆಯುವಾಗ ಕಿರಿಯವನ ಸೊಂಟಕ್ಕೆ ಹಳೆಯ ಸೀರೆ ಸುತ್ತಿ ಕಂಬಕ್ಕೆ ಕಟ್ಟಿರುತ್ತಿದ್ದಳು. ಅವನು ಆ ಸೀರೆ ಎಟಕುವಷ್ಟು ದೂರ ಕರುವಿನಂತೆ ಸುತ್ತು ಹಾಕುತ್ತಿದ್ದ. ಮಕ್ಕಳ ಬಿಳಿ ಅಂಗಿ ಸೋಮವಾರ ಬಿಳಿ, ಗುರುವಾರದ ಹೊತ್ತಿಗೆ ಗುಲಾಬಿ. ಎಲ್ಲೆಲ್ಲೂ ಧೂಳು. ರೊಟ್ಟಿಯಲ್ಲಿ, ಕಣ್ಣಿನ ರೆಪ್ಪೆಯಲ್ಲಿ, ಮಕ್ಕಳ ಸಿಂಬಳದಲ್ಲಿ ಕೂಡ.

ರೈಲು ಬರುವಾಗ ಗೇಟು ಹಾಕುತ್ತಿದ್ದರು. ಅದರ ಹಿಂದೆ ಲಾರಿಗಳು ಕಣ್ಣಿಗೆ ಕಾಣುವಷ್ಟು ದೂರ ನಿಲ್ಲುತ್ತಿದ್ದವು. ಗೇಟು ತೆಗೆದ ಕೂಡಲೇ ಒಂದರ ಬಾಲಕ್ಕೊಂದು ಹತ್ತಿಕೊಂಡು ಅಷ್ಟೂ ಲಾರಿ ನಮ್ಮ ಮುಂದೆ ಹಾಯುತ್ತಿದ್ದವು. ಮನೆಗೂ ರಸ್ತೆಗೂ ಹತ್ತು ಹೆಜ್ಜೆ, ನಡುವೆ ಗೋಡೆಯಿಲ್ಲ, ಮಕ್ಕಳು ಆಡುತ್ತಿದ್ದದ್ದು ಅಲ್ಲೇ. ಲಾರಿಗಳು ಹೋದ ಮೇಲೂ ಕೆಂಪು ಧೂಳು ಎದ್ದು ನಿಂತು, ಚಾಚಿದ ಕೈ ಕಾಣದಂತಾಗುತ್ತಿತ್ತು. ಆಗ ಅಕ್ಕ ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು: “ಎಣಿಸ್ರಲೇ!”

ಧೂಳಿನೊಳಗಿಂದ ಒಂದೊಂದೇ ಧ್ವನಿ ಬರುತ್ತಿತ್ತು. ಒಂದು. ಎರಡು. ಮೂರು. ನಾಕು. ಕೊನೆಗೆ ಕಿರಿಯವನ “ಐಯಿ.” ಮಕ್ಕಳಿಗೆ ಹುಟ್ಟಿದ ಕ್ರಮದಲ್ಲಿ ಸಂಖ್ಯೆ. ತನ್ನ ಸಂಖ್ಯೆಯನ್ನು ತಾನೇ ಹೇಳಬೇಕು, ಬೇರೆಯವರದ್ದು ಹೇಳಬಾರದು. ಒಂದು ಸಂಖ್ಯೆ ತಪ್ಪಿದರೂ ಅಕ್ಕ ಓಡುತ್ತಿದ್ದಳು. ಮೊದಲ ಸಲ ಇದನ್ನು ಕೇಳಿ ನಾನು ನಕ್ಕಾಗ, “ಯಾಕ್ರೀ ಸರ, ನಿಮ್ಮ ಕಾಲೇಜಿನ್ಯಾಗ ಹಾಜರಿ ಹಿಡೀತಿರಲಿಲ್ಲೇನು? ಇಲ್ಲಿ ಗೈರಾದ್ರ ದಂಡ ಭಾಳ ಐತ್ರಿ” ಅಂದಿದ್ದಳು.

ತಪ್ಪು ಮೊದಲು ಗಮನಿಸಿದವನು ನಾನೇ. ಒಂದು ಮಧ್ಯಾಹ್ನ ಮೂರನೆಯವಳು ನನ್ನ ಕೋಣೆಯಲ್ಲಿ ಕೂತು, ಬಾಯ್ತುಂಬ ಮಂಡಕ್ಕಿ ಇಟ್ಟುಕೊಂಡು, ಹಳೆಯ ನೋಟ್‌ಬುಕ್ಕಿನಲ್ಲಿ ಲಾರಿ ಬರೆಯುತ್ತಿದ್ದಳು. ಹೊರಗೆ ಧೂಳು ಎದ್ದಿತು. ಅಕ್ಕ ಕೂಗಿದಳು. ಒಂದು, ಎರಡು, ಮೂರು, ನಾಕು, ಐಯಿ. ಅಕ್ಕ ಒಳಗೆ ಹೋದಳು. ನಾನು ಹುಡುಗಿಯ ಮುಖ ನೋಡಿದೆ. ಅವಳ ಬಾಯಲ್ಲಿ ಮಂಡಕ್ಕಿ ಹಾಗೇ ಇತ್ತು. ‘ಮೂರು’ ರಸ್ತೆಯ ಕಡೆಯಿಂದ ಬಂದಿತ್ತು.

ನನಗೆ ಹೆದರಿಕೆಯಾಗಲಿಲ್ಲ. ಪ್ರತಿಯೊಂದಕ್ಕೂ ಕಾರಣವಿರುತ್ತದೆ ಎಂದು ಐದಾರು ವರ್ಷ ಓದಿ ಬಂದವನು ನಾನು. ಹತ್ತು ದಿನ ಕಾದು ನೋಡಿದೆ. ಇನ್ನೂ ಎರಡು ಸಲ ಹಾಗೇ ಆಯಿತು. ಒಮ್ಮೆ ನಾಲ್ಕನೆಯವನು ಹಿತ್ತಲಲ್ಲಿ ಚಡ್ಡಿ ಬಿಚ್ಚಿ ಕೂತಿದ್ದಾಗ ಮುಂದಿನಿಂದ ‘ನಾಕು’ ಬಂತು. ಮತ್ತೊಮ್ಮೆ ಎರಡನೆಯವನು ಅಂಗಡಿಗೆ ಹೋಗಿದ್ದ... ಅಥವಾ ಹೋಗಿ ಬಂದಿದ್ದನೋ. ಆ ಧ್ವನಿಯಲ್ಲಿ ಮಕ್ಕಳಿಗೆ ಇರುವ ಆತುರ ಇರಲಿಲ್ಲ ಎಂದು ಈಗ ಅನಿಸುತ್ತದೆ. ಆಗ ಹಾಗೆ ಅನಿಸಿತ್ತೋ ಇಲ್ಲವೋ ತಿಳಿಯದು.

ನಾನು ಕಂಡುಕೊಂಡ ಕಾರಣ ಸರಳವಾಗಿತ್ತು. ತಮ್ಮ ತಂಗಿಯರಿಗೆ ಏಟು ಬೀಳಬಾರದೆಂದು ಹಿರಿಯವಳೇ ಅವರ ಸಂಖ್ಯೆ ಹೇಳುತ್ತಿದ್ದಾಳೆ. ಅಕ್ಕನಿಗೆ ಹೇಳಿದೆ. ಅವಳು ಮೊದಲು ನಕ್ಕಳು, ಆಮೇಲೆ ನಗು ನಿಂತಿತು. ಎಣಿಕೆ ಸುಳ್ಳಾದರೆ ತನಗೆ ಉಳಿಯುವುದೇನು ಎಂದು ಅವಳಿಗೆ ತಕ್ಷಣ ಹೊಳೆದಿರಬೇಕು. ಮಗು ಲಾರಿಯ ಕೆಳಗಿದ್ದರೂ ಅದರ ಸಂಖ್ಯೆ ಕೇಳಿಬರುತ್ತದೆ, ತಾನು ಒಲೆಯ ಮುಂದೆ ನಿಶ್ಚಿಂತೆಯಿಂದ ಕೂತಿರುತ್ತೇನೆ.

ಹಿರಿಯವಳನ್ನು ಕರೆದು ಕೇಳಿದಳು.

“ನಾ ಅಲ್ಲಬೇ ಯವ್ವಾ.”

“ಮತ್ತ ಸರ ಸುಳ್ಳ ಹೇಳ್ತಾರೇನಲೇ? ಅಷ್ಟ್ ಓದಿದವ್ರು!”

ಕಪಾಳಕ್ಕೆ ಬಿದ್ದ ಏಟಿನ ಸದ್ದು ನನ್ನ ಕೋಣೆಗೂ ಕೇಳಿತು. ಹುಡುಗಿ ಅಳಲಿಲ್ಲ. ಕಟ್ಟೆಯ ಮೇಲೆ ಬಂದು ಕೂತು ನನ್ನನ್ನೇ ನೋಡಿದಳು. ನಾನು ಪೇಪರು ಮುಖಕ್ಕೆ ಹಿಡಿದೆ.

ಅವತ್ತಿನಿಂದ ಅವಳು ತನ್ನ ಸಂಖ್ಯೆ ಹೇಳುವುದನ್ನು ನಿಲ್ಲಿಸಿದಳು. ಅಕ್ಕ ಗದರಿದಳು, ರಮಿಸಿದಳು, ಬೆಲ್ಲ ಕೊಟ್ಟಳು. ಹುಡುಗಿ ತುಟಿ ಬಿಚ್ಚಲಿಲ್ಲ. ಕೊನೆಗೆ ಅಕ್ಕನೇ ಸೋತು, ಗೇಟು ತೆಗೆಯುವ ಹೊತ್ತಿಗೆ ಹಿರಿಯವಳು ಎಲ್ಲಿದ್ದಾಳೆಂದು ಕಣ್ಣಲ್ಲಿ ನೋಡಿಟ್ಟುಕೊಳ್ಳುತ್ತಿದ್ದಳು. ಎಣಿಕೆ ಎರಡರಿಂದ ಶುರುವಾಗತೊಡಗಿತು. ವಿಚಿತ್ರವೆಂದರೆ, ಆಮೇಲೆ ಅಲ್ಲಿಲ್ಲದ ಮಗುವಿನ ಸಂಖ್ಯೆ ಒಮ್ಮೆಯೂ ಕೇಳಿಬರಲಿಲ್ಲ. ನನ್ನ ಊಹೆ ಸರಿಯಾಯಿತೆಂದು ನಾನು ಒಳಗೊಳಗೇ ಬೀಗಿದೆ.

ಸುಮಾರು ಹದಿನೈದು ದಿನ ಕಳೆದಿರಬೇಕು. ಸಂಜೆ ಐದರ ಹೊತ್ತು. ನಾನು ಲ್ಯಾಬಿನಿಂದ ಬಂದು ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದೆ. ನನ್ನ ಪಕ್ಕದಲ್ಲಿ, ಒಂದು ಮೊಳ ಬಿಟ್ಟು, ಹಿರಿಯವಳು ಮೊಣಕಾಲಿಗೆ ಗದ್ದ ಊರಿ ಕೂತಿದ್ದಳು. ಅವಳ ಜಡೆಯ ತುದಿಯ ಕೆಂಪು ರಿಬ್ಬನ್ ಕೂಡ ನನಗೆ ನೆನಪಿದೆ. ಅಕ್ಕ ಕಿರಿಯವನಿಗೆ ಮೈ ತೊಳೆಸಲೆಂದು ಸೊಂಟದ ಸೀರೆ ಬಿಚ್ಚಿ, ಬಿಸಿನೀರು ತೋಡಲು ಒಳಗೆ ಹೋಗಿದ್ದಳು. ಗೇಟು ತೆಗೆದರು. ಲಾರಿಗಳ ಒಂದು ತಂಡ ಹೋಯಿತು. ನಡುವೆ ಸ್ವಲ್ಪ ತೆರಪು. ದೂರದಲ್ಲಿ ಇನ್ನೊಂದು ತಂಡ ಬರುವ ಸದ್ದು. ಮುಂದೆಲ್ಲ ಕೆಂಪು.

“ಎಣಿಸ್ರಲೇ!”

ಒಂದು. ಎರಡು. ಮೂರು. ನಾಕು. ಐಯಿ.

ಐದೂ ಬಂದವು. ನನಗೆ ನಿಜಕ್ಕೂ ಖುಷಿಯಾಯಿತು. ಪಕ್ಕಕ್ಕೆ ತಿರುಗಿ, “ಅಂತೂ ಬಾಯಿ ಬಿಟ್ಟೆಲ್ಲವ್ವಾ!” ಎಂದು ನಕ್ಕೆ. ಹುಡುಗಿ ನನ್ನನ್ನು ನೋಡುತ್ತಿದ್ದಳು. ತುಟಿಗಳು ಹೊಲಿದಂತೆ ಮುಚ್ಚಿದ್ದವು. “ಅಕ್ಕಾ, ದೊಡ್ಡಾಕಿ ಸಿಟ್ಟು ಇಳೀತು ನೋಡ್ರಿ” ಎಂದು ಕೂಗಿ ಹೇಳಿದೆ.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖದ ಬಣ್ಣ ಹೋಯಿತು.

“ಒಂದು ಅಂದವ್ರು ಯಾರು?”

ನಾನು ಉತ್ತರ ಹೇಳುವಷ್ಟರಲ್ಲಿ ಕೈಯಲ್ಲಿದ್ದ ತಂಬಿಗೆ ಬಿಸಾಕಿ ಧೂಳಿನೊಳಕ್ಕೆ ಓಡಿದಳು. ಅವಳಿಗೆ ಎಷ್ಟು ಬೇಗ ಅರ್ಥವಾಯಿತೆಂದು ನೆನೆದರೆ ಈಗಲೂ ಆಶ್ಚರ್ಯ. ಆ ‘ಒಂದು’ ಅವಳ ಮಗಳದ್ದಲ್ಲ. ಅದು ಮಗಳದ್ದಲ್ಲವೆಂದರೆ ಉಳಿದ ನಾಲ್ಕನ್ನು ನಂಬುವುದು ಹೇಗೆ? ಐದೂ ಸರಿಯಾಗಿ ಬಂದದ್ದೇ ಅವಳನ್ನು ಹೆದರಿಸಿತ್ತು. ಅದನ್ನೇ ಕೇಳಿ ನಾನು ಚಹಾ ಹೀರುತ್ತ ಕೂತಿದ್ದೆ.

ಹಾರ್ನು. ಬ್ರೇಕಿನ ಗಾಳಿ ಬಿಟ್ಟ ಸದ್ದು, ಬಹಳ ಉದ್ದಕ್ಕೆ... ಆಮೇಲೆ ಧೂಳಿನೊಳಗಿಂದ ಅಕ್ಕ ಬಂದಳು. ಸೀರೆಯ ಸೆರಗು ಅರ್ಧ ಹರಿದಿತ್ತು. ಕಂಕುಳಲ್ಲಿ ಕಿರಿಯವನು ಮೂಟೆಯಂತೆ ಜೋತುಬಿದ್ದಿದ್ದ. ಡಾಂಬರಿನ ನಟ್ಟನಡುವೆ ಕೂತು ಅದಿರಿನ ಕಲ್ಲು ಜೋಡಿಸುತ್ತಿದ್ದನಂತೆ. ತಲೆಯಿಂದ ಪಾದದವರೆಗೆ ಕೆಂಪು, ಕಣ್ಣು ಮಾತ್ರ ಬಿಳಿ. ಅವನು ಅಳುತ್ತಿರಲಿಲ್ಲ. ಅಮ್ಮನ ಕಂಕುಳಿಂದ ಹಿಂದಕ್ಕೆ ಹೊರಳಿ, ರಸ್ತೆಯ ಕಡೆಗೆ ಟಾಟಾ ಮಾಡುತ್ತಿದ್ದ. ಅತ್ತ ಯಾರೂ ಇರಲಿಲ್ಲ. ಉಳಿದ ಮೂವರು ನಾಲ್ಕನೆಯ ಮನೆಯ ಗೋಡೆಗೆ ಒತ್ತಿ ನಿಂತಿದ್ದರು.

ಲಾರಿಯವನು ಇಳಿದು ಬಂದು ಅಕ್ಕನಿಗೆ ಬಾಯಿಗೆ ಬಂದಂತೆ ಬೈದ, ಬೈಯುತ್ತಲೇ ಅತ್ತುಬಿಟ್ಟ. ಅಕ್ಕ ಅವನಿಗೆ ನೀರು ಕೊಟ್ಟಳು. ಆಮೇಲೆ ನನ್ನ ಮುಂದೆ ಬಂದು, ನಾನು ಕೂತಿದ್ದ ಕಟ್ಟೆಯನ್ನು ಉದ್ದಕ್ಕೂ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ ಹೇಳಿದಳು: “ನೀವೂ ಇಲ್ಲಿ ಇರಬ್ಯಾಡ್ರಿ ಸರ.”

ಮರುದಿನವೇ ರಾಜೀನಾಮೆ ಬರೆದುಕೊಟ್ಟೆ. ಸಂಬಳ, ಬಿಸಿಲು, ಧೂಳು ಎಂದೆಲ್ಲ ಕಾರಣ ಕೊಟ್ಟೆ. ಮೂರು ದಿನದಲ್ಲಿ ಅಕ್ಕನ ಗಂಡ ಬಂದು ಪಾತ್ರೆ, ಹಾಸಿಗೆ, ಮಕ್ಕಳನ್ನೆಲ್ಲ ಹೇರಿಕೊಂಡು ಅವಳ ತವರು ಬಂಡ್ರಿಗೆ ಹೊರಟ. ಹಿರಿಯವಳು ಕ್ಯಾಬಿನ್ನಿನ ಕಿಟಕಿಯಿಂದ ನನ್ನನ್ನು ನೋಡಿದಳು. ತಪ್ಪಾಯಿತು ಎಂಬ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ. ಅವಳಿಗೂ ಹೇಳಲಿಲ್ಲ, ಅಕ್ಕನಿಗೂ ಹೇಳಲಿಲ್ಲ.

ಇಷ್ಟು ವರ್ಷ ನಾನು ನನಗೇ ಹೇಳಿಕೊಂಡು ಬಂದ ವಿವರಣೆ ಇದು: ಅವತ್ತು ಹುಡುಗಿ ಹಟ ಮುರಿದು ‘ಒಂದು’ ಅಂದಿದ್ದಳು. ನಾನು ತಿರುಗುವಷ್ಟರಲ್ಲಿ ತುಟಿ ಮುಚ್ಚಿಕೊಂಡಿದ್ದಳು. ಕಿರಿಯವನು ರಸ್ತೆಯಿಂದಲೇ ತನ್ನ ‘ಐಯಿ’ ಕೂಗಿದ್ದ. ಅಷ್ಟೇ. ಅಕ್ಕನ ಭಯ ತಪ್ಪಾಗಿದ್ದರೂ ಅದು ಸರಿಯಾದ ಹೊತ್ತಿಗೆ ಬಂದಿತ್ತು. ಈ ವಿವರಣೆಯಲ್ಲಿ ಬಿರುಕಿರಲಿಲ್ಲ.

ರೆಡ್ ಆಕ್ಸೈಡ್ ವಾಸನೆ ತಲೆಯಿಂದ ಇಳಿಯದೆ ಹೋದದ್ದಕ್ಕೆ ಆ ಶನಿವಾರವೇ ಹೊಸಪೇಟೆಯ ಬಸ್ಸು ಹತ್ತಿದೆ. ಮನೆಗಳ ಸಾಲು ಇಲ್ಲ, ರಸ್ತೆ ಅಗಲವಾಗಿದೆ. ಅಲ್ಲಿಯ ಚಹಾದಂಗಡಿಯವರು, ಅಕ್ಕನ ಹಿರಿಯ ಮಗಳು ಕಡ್ಡಿರಾಂಪುರದಲ್ಲಿ ಹಂಪಿ ರಸ್ತೆಗೆ ಖಾನಾವಳಿ ಇಟ್ಟಿದ್ದಾಳೆ ಎಂದರು. ಹೋದೆ. ಅವಳು ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು. “ಕುಂದ್ರಿ ಸರ, ರೊಟ್ಟಿ ಬಿಸಿ ಅದಾವ.”

ಅಕ್ಕ ತೀರಿಕೊಂಡು ಎರಡು ವರ್ಷವಾಗಿತ್ತು. ಕೆಮ್ಮು. “ಕೊನಿಗೆ ಮಾತಾಡಾಕೂ ಉಸಿರು ಸಾಲ್ತಿರಲಿಲ್ರಿ. ಕೈ ಬೆರಳಿನ್ಯಾಗ ನಮ್ಮನ್ನ ಎಣಿಸ್ತಿದ್ಲು.”

ಹೊತ್ತುಕೊಂಡು ಹೋಗಿದ್ದ ಕ್ಷಮಾಪಣೆಯ ಅರ್ಧ ನನ್ನಲ್ಲೇ ಉಳಿಯಿತು. ಉಳಿದರ್ಧ ಅವಳಿಗೆ ಹೇಳಿದೆ. “ಕಪಾಳ ಇನ್ನಾ ಬಿಸಿ ಐತ್ರಿ” ಎಂದು ನಕ್ಕು, ಕೇಳದೆ ಇನ್ನೊಂದು ರೊಟ್ಟಿ ಹಾಕಿದಳು. ಆಗ ಧೈರ್ಯ ಬಂದು, ಅವತ್ತು ‘ಒಂದು’ ಅಂದವಳು ನೀನೇ ಅಲ್ಲವೇ, ಈಗಲಾದರೂ ಹೇಳು ಎಂದೆ.

ಅವಳ ಕೈ ನಿಂತಿತು.

“ಆವತ್ತು ನಾ ಮನ್ಯಾಗ ಎಲ್ಲಿದ್ದೆ ಸರ? ಕಂಪ್ಲಿಗೆ ಖೋ ಖೋ ಆಡಾಕ ಹೋಗಿದ್ದೆ. ಕತ್ತಲಾದ ಮ್ಯಾಲೆ ಬಂದ್ರ ಬಾಗಿಲ ಮುಂದ ಮಂದಿ ಕೂಡಿತ್ತು.” ರೊಟ್ಟಿಯ ಬುಟ್ಟಿ ಮುಚ್ಚಿಟ್ಟು ಮತ್ತೆ ಹೇಳಿದಳು: “ಸರ ಖಾಲಿ ಕಟ್ಟಿ ಕಡೆ ತಿರುಗಿ ನಕ್ಕೋತ ಮಾತಾಡಿದ್ರು ಅಂತ ಅವ್ವ ಸಾಯೂತನಕ ಹೇಳ್ತಿದ್ಲು.”

ನಾನು ಒಪ್ಪಲಿಲ್ಲ. ಅವಳು ಆಗ ಸಣ್ಣವಳು. ಬೇರೆ ಯಾವುದೋ ದಿನವನ್ನು ಇದಕ್ಕೆ ಸೇರಿಸಿಕೊಂಡಿರಬಹುದು. ಹುಡುಗಿಯ ಜಡೆಯ ರಿಬ್ಬನ್ ನನಗೆ ನೆನಪಿದೆ ಎಂದು ವಾದಿಸಿದೆ. ಅವಳು ತಟ್ಟೆ ತೆಗೆದಳು.

ನನ್ನ ರಾಜೀನಾಮೆ ಪತ್ರದ ನಕಲು ಇನ್ನೂ ನನ್ನಲ್ಲಿದೆ. ಅದರ ಮೇಲಿನ ತಾರೀಖಿನ ಹಿಂದಿನ ದಿನ ಇದೆಲ್ಲ ನಡೆದದ್ದು, ಅದರಲ್ಲಿ ಸಂಶಯವಿಲ್ಲ. ಸೋಮವಾರ ಅವಳು ಆಗ ಓದುತ್ತಿದ್ದ ಶಾಲೆಗೆ ಹೋಗಿ, ಇದ್ದ ವಿಷಯ ಹೇಳಿ, ಬೀರುವಿನ ಮೇಲೆ ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಹಳೆಯ ಹಾಜರಿ ಪುಸ್ತಕಗಳನ್ನು ಇಳಿಸಿಕೊಂಡೆ. ಆರನೆಯ ತರಗತಿ, ಆ ದಿನ. ಅವಳ ಹೆಸರಿನ ಮುಂದೆ, ಬೆಳಗಿನ ಹಾಜರಿಯ ಚೌಕ ಮತ್ತು ಮಧ್ಯಾಹ್ನದ ಚೌಕ ಎರಡನ್ನೂ ಕೂಡಿಸಿ, ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆದಿದ್ದರು: ಕ್ರೀಡಾಕೂಟ, ಕಂಪ್ಲಿ.