ಹಲಗೆಯ ಆಚೆಯ ಮಾತು

ದೆವ್ವ ಕಂಡೆ, ದನಿ ಕೇಳಿದೆ ಎನ್ನುವವರ ಎದುರಿಗೇ ನಕ್ಕುಬಿಡುತ್ತಿದ್ದ ಮನುಷ್ಯ ನಾನು. ಸೌದಿಯ ರಾಬಿಗ್‌ನ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಪಂಪು, ವಾಲ್ವು ದುರಸ್ತಿ ಮಾಡಿದವನು. ಶಬ್ದ ಬಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ ಎಂಬ ಧಿಮಾಕು ನನಗಿತ್ತು. ಈಗ ಇದನ್ನು ಬರೆಯಲು ಕೂತರೆ ನಾಚಿಕೆಯಾಗುತ್ತದೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ.

ನಿವೃತ್ತಿಯಾಗಿ ಊರಿಗೆ ಹೊರಡಲು ಇನ್ನೂ ಎರಡು ತಿಂಗಳಿತ್ತು. ಅಷ್ಟು ವರ್ಷ ಸೌದಿಯಲ್ಲಿದ್ದೂ ನಾನು ಮತ್ತು ಹೆಂಡತಿ ಲೀನಾ ನೋಡಿದ್ದು ನನ್ನ ಕಾರ್ಖಾನೆ, ಅವಳು ನರ್ಸ್ ಆಗಿದ್ದ ಆಸ್ಪತ್ರೆ ಮತ್ತು ಮೀನಿನ ಅಂಗಡಿ, ಅಷ್ಟೆ. ಹೋಗುವ ಮೊದಲು ದೇಶವನ್ನಾದರೂ ನೋಡೋಣ ಎಂದು ಹಳೆಯ ವ್ಯಾನೊಂದನ್ನು ಕೊಂಡು, ಹಿಂಭಾಗದಲ್ಲಿ ಮಂಚ, ಗ್ಯಾಸ್ ಒಲೆ, ನೀರಿನ ಟ್ಯಾಂಕಿ ನಾನೇ ಕೂರಿಸಿದೆ. ರಿಯಾದಿನ ಮಲಾಜ್‌ನಲ್ಲಿದ್ದ ಲೀನಾಳ ತಂಗಿ ಅದನ್ನು ನೋಡಿ, "ಅರುವತ್ತಕ್ಕೆ ಅರಳು ಮರಳು ಅಂತ ಸುಮ್ನೆ ಹೇಳುದಲ್ಲ ಭಾವ" ಎಂದು ನಕ್ಕಳು. ನಾನೂ ನಕ್ಕೆ.

ಒಲೆಯ ವಾಸನೆ ಮುಂದಕ್ಕೆ ಬಾರದಿರಲಿ ಎಂದು ನನ್ನ ಸೀಟಿನ ಹಿಂದೆ ಪ್ಲೈವುಡ್ ಹಲಗೆ ಹೊಡೆದಿದ್ದೆ. ಲೀನಾಳಿಗೆ ಸೊಂಟನೋವು, ಊಟವಾದ ಮೇಲೆ ಹಿಂದೆ ಹೋಗಿ ಮಲಗುತ್ತಿದ್ದಳು. ಆಮೇಲೆ ಎಲ್ಲಿ ನಿಲ್ಲಿಸಿದರೂ ಹೊರಡುವ ಮೊದಲು ನಾನು ಹಲಗೆ ಬಡಿಯಬೇಕು, ಅವಳು ಒಳಗಿನಿಂದ ಬಡಿಯಬೇಕು, ಇದು ನಮ್ಮ ಕಾಯಿದೆ. ಆಚೆಯವನ ಉತ್ತರ ಸಿಗದೆ ಯಂತ್ರದ ಗುಂಡಿ ಒತ್ತಬಾರದು ಎಂಬ ಕಾರ್ಖಾನೆಯ ಅಭ್ಯಾಸವನ್ನೇ ವ್ಯಾನಿಗೂ ತಂದಿದ್ದೆ.

ಬುರೈದಾ ಪಟ್ಟಣ ದಾಟಿದ ಮೇಲೆ ಒಂದು ಪೆಟ್ರೋಲ್ ಪಂಪಿನಲ್ಲಿ ನಿಲ್ಲಿಸಿದೆವು. ಹಾಡುಹಗಲು, ಸ್ವಲ್ಪ ಧೂಳಿನ ಗಾಳಿ. ಊಟ ಮುಗಿಸಿ ಲೀನಾ ಆಗಲೇ ಹಿಂದೆ ಹೋಗಿದ್ದಳು. ಪೆಟ್ರೋಲ್ ಹಾಕಿಸಿ, ಟೈರಿನ ಗಾಳಿ ನೋಡಿ ಬಂದು ಹಲಗೆ ಬಡಿದೆ. ಆಚೆಯಿಂದಲೂ ಬಡಿದ ಶಬ್ದ ಬಂತು. ದೇವರಾಣೆಗೂ ಬಂತು. ಹೊರಟೆ.

ಸ್ವಲ್ಪ ದೂರ ಹೋಗಿ, "ಮಲಗಿದ್ಯಾ?" ಎಂದು ಕೇಳಿದೆ.

"ಇಲ್ಲ ಮಾರಾಯ್ರೆ" ಎಂದಿತು ಲೀನಾಳ ದನಿ. ಅದೇ ದನಿ, ಅದೇ ರಾಗ.

ಮುಖ ಕಾಣುತ್ತಿರಲಿಲ್ಲ ಎಂಬ ಧೈರ್ಯಕ್ಕೋ ಏನೋ, ಎಷ್ಟೋ ದಿನದಿಂದ ಎದೆಯಲ್ಲಿ ಕೂತದ್ದು ಬಾಯಿಗೆ ಬಂತು. ಊರಿಗೆ ಹೋಗಲು ಹೆದರಿಕೆ ನನಗೆ ಎಂದೆ. ಇಲ್ಲಿ ನಾನು ಫೋರ್‌ಮನ್, ಅಲ್ಲಿ ಬೆಳಿಗ್ಗೆ ಎದ್ದು ಯಾರಾಗಿರಬೇಕೆಂದೇ ತಿಳಿಯುವುದಿಲ್ಲ ಎಂದೆ. ದೇಶ ನೋಡುವುದೆಲ್ಲ ಬರೀ ನೆವ, ಹೊರಡುವ ದಿನವನ್ನು ಮರೆಯಲು ತಿರುಗುತ್ತಿದ್ದೇನೆ ಎಂದೆ. ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುವುದನ್ನೂ ಹೇಳಿಬಿಟ್ಟೆ.

"ನಂಗೆ ಗೊತ್ತುಂಟು" ಎಂದಿತು ದನಿ. "ನಾನಿದ್ದೇನಲ್ಲ. ಎಂತದೂ ಆಗುದಿಲ್ಲ."

ಸ್ಟೇರಿಂಗ್ ಹಿಡಿದುಕೊಂಡೇ ಗಳಗಳನೆ ಅತ್ತೆ. ಅಯ್ಯೋ, ಮದುವೆಯಾದಂದಿನಿಂದ ಮನಸ್ಸು ಅಷ್ಟು ಹಗುರವಾದದ್ದೇ ಇಲ್ಲ.

ಆಗ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. "ಎಲ್ಲಿ ಸತ್ತಿದ್ದೀರಿ ನೀವು?" ಲೀನಾ! ಅಳುತ್ತಿದ್ದಳು. ಕಕ್ಕಸಿಗೆ ಹೋಗಿ ಬರುವಷ್ಟರಲ್ಲಿ ವ್ಯಾನೇ ಇರಲಿಲ್ಲವಂತೆ. ಅವಳ ಫೋನು ನನ್ನ ಪಕ್ಕದಲ್ಲಿ ಚಾರ್ಜಿಗಿತ್ತು. ಪಂಪಿನ ಬಳಿ ಚಹಾ ಮಾರುವ ಮಲಯಾಳಿಯ ಫೋನಿನಿಂದ ಎಷ್ಟೋ ಸಲ ಮಾಡಿದಳಂತೆ. ನನಗೆ ಒಂದೂ ಕೇಳಿಸಿರಲಿಲ್ಲ.

"ನೀನು ಹಿಂದೆ ಇದ್ದೀಯಲ್ಲ!" ಎಂದೆ.

"ಯಾರು ಹಿಂದೆ?" ಎಂದಳು.

ವ್ಯಾನು ನಿಲ್ಲಿಸಿ ಹಿಂದಿನ ಬಾಗಿಲು ತೆರೆದೆ. ಯಾರೂ ಇಲ್ಲ. ಬೆಡ್‌ಶೀಟು ಮಡಚಿಟ್ಟ ಹಾಗೆಯೇ ಇತ್ತು. ಹೆದರಿದ್ದು ಹೌದು, ಆದರೆ ಅದಕ್ಕಿಂತ ಮೊದಲು ಬಂದದ್ದು ಪೇಟೆಯ ನಡುವೆ ಪಂಚೆ ಬಿಚ್ಚಿಹೋದಂಥ ನಾಚಿಕೆ. ಯಾರ ಎದುರು ಅತ್ತೆ ನಾನು?

ಹಿಂತಿರುಗಿದಾಗ ಲೀನಾ ಧೂಳಿನಲ್ಲಿ ಹಾರುತ್ತಿದ್ದ ಕಪ್ಪು ಅಬಾಯಾ ನಿಲುವಂಗಿ ಹಿಡಿದುಕೊಂಡು ನಿಂತಿದ್ದಳು. ಚಹಾದವನು ನನ್ನನ್ನು ನೋಡಿದ ನೋಟವನ್ನು ಹೇಳುವುದು ಬೇಡ. "ಗೋಣಿಚೀಲ ಬಿಟ್ಟು ಹೋದ ಹಾಗೆ ಹೋದ್ರಲ್ಲ" ಎಂದು ಮುಂದಿನ ಸೀಟಿನಲ್ಲಿ ಕೂತಳು. ವ್ಯಾನು ಹೊರಡಿಸಿದೆ. ಕೊನೆಗೆ ನಾನೇ ಹಲಗೆ ಬಡಿದದ್ದು, ದನಿ ಉತ್ತರ ಕೊಟ್ಟದ್ದು ಎಲ್ಲ ಹೇಳಿದೆ. ನಾನು ಏನು ಹೇಳಿಕೊಂಡೆ ಎಂಬುದನ್ನು ಮಾತ್ರ ಬಿಟ್ಟೆ.

"ನಾನು ಎಂತ ಹೇಳಿದೆನಂತೆ?"

"ಗೊತ್ತುಂಟು ಅಂತ ನೀನು ಹೇಳಿದೆ."

"ಎಂತ ಗೊತ್ತುಂಟು? ನಂಗೆ ಎಂತದೂ ಗೊತ್ತಿಲ್ಲ. ನೀವು ಯಾವತ್ತು ನನ್ನ ಹತ್ರ ಎಂತ ಹೇಳಿದ್ದೀರಿ?" ಎಂದಳು. ಆಮೇಲೆ ದನಿ ತಗ್ಗಿಸಿ, "ಈಗ ಹೇಳಿ. ಇಲ್ಲೇ ಕೂತಿದ್ದೇನಲ್ಲ" ಎಂದಳು.

ಬಾಯಿ ತೆರೆದೆ. "ಎಂತ ಇಲ್ಲ ಮಾರಾಯ್ತಿ, ಹೀಗೇ ಏನೋ" ಎಂದುಬಿಟ್ಟೆ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು.

ಊರಿಗೆ ಬಂದು ವರ್ಷಗಳಾದವು. ಟ್ಯಾಂಕಿಯ ನೀರು ಕುಲುಕಿ ಹಲಗೆಗೆ ಬಡಿದಿರಬಹುದು, ಒಪ್ಪಿದೆ. ನೀರು ಮಾತಾಡುತ್ತದೆಯೇ? ತಲೆ ಕೆರೆದುಕೊಂಡದ್ದೇ ಬಂತು. ಅದು ಯಾರೋ, ಏನೋ, ಇವತ್ತಿಗೂ ತಿಳಿಯದು. ಅದಕ್ಕೆ ಗೊತ್ತಿರುವಷ್ಟು ನನ್ನ ವಿಷಯ ಲೀನಾಳಿಗೆ ಇನ್ನೂ ಗೊತ್ತಿಲ್ಲ.