ದೇವನಹಳ್ಳಿ ಕೋಟೆಯೊಳಗೊಂದು ಬರಿ ಹೊಸ್ತಿಲು

ಕೋಟೆಯ ಹೆಬ್ಬಾಗಿಲು ದಾಟಿದ ಕೂಡಲೇ ನನಗೆ ಎದುರಾದದ್ದು ಹಾಲಿನ ಕ್ಯಾನು ಕಟ್ಟಿಕೊಂಡ ಸ್ಕೂಟರ್. ಅದರ ಹಾರನ್ನಿಗೆ ಬೆಚ್ಚಿ ಗೋಡೆಗೆ ಅಂಟಿಕೊಂಡೆ. ಕೊಪ್ಪಳದವರಾದ ನಮಗೆ ಕೋಟೆ ಎಂದರೆ ಬೆಟ್ಟ, ಬಂಡೆ, ಬಿಸಿಲು. ಸಂಜೆಯಾದರೆ ಇಳಿದು ಮನೆಗೆ ಬರಬೇಕು. ಇಲ್ಲಿ ದೇವನಹಳ್ಳಿಯಲ್ಲಿ ಸಂಜೆಯಾದರೆ ಜನ ಕೋಟೆಯೊಳಕ್ಕೇ ಮನೆಗೆ ಹೋಗುತ್ತಾರೆ. ಒಳಗೆ ಬೀದಿಗಳಿವೆ, ಗುಡಿಗಳಿವೆ, ತಂತಿಯ ಮೇಲೆ ಒಣಗುವ ಬಟ್ಟೆಗಳಿವೆ. ತಲೆಯ ಮೇಲೆ ವಿಮಾನ ಹಾದರೆ ಮಾತು ನಿಲ್ಲಿಸುತ್ತಾರೆ, ಅದು ಹೋದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುತ್ತಾರೆ.

ನಾನು ಬಂದದ್ದು ಈ ಕೋಟೆಯನ್ನು ಒಂದು ವಿಡಿಯೋ ಗೇಮಿನೊಳಗೆ ಕಟ್ಟಲು. ಗೋಡೆ, ನೆಲ, ಬಾಗಿಲುಗಳ ಫೋಟೊ ತೆಗೆದು, ಆಟಗಾರ ಓಡಾಡಬಹುದಾದ ಊರನ್ನು ಕಂಪ್ಯೂಟರಿನಲ್ಲಿ ಎಬ್ಬಿಸುವುದು ನನ್ನ ಕೆಲಸ. ಆ ಮೊದಲ ದಿನ ಎಲ್ಲ ಮನೆಗಳ ಮುಂದೆಯೂ ರಂಗೋಲಿ ಇತ್ತು, ಒಂದು ಮನೆಯ ಮುಂದೆ ಮಾತ್ರ ಬರಿ ನೆಲ. ನನಗಂತೂ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಂತಾಯಿತು. ಒಂದೇ ರಂಗೋಲಿ ಎರಡು ಕಡೆ ಕಂಡರೆ ಆಟಗಾರ ನಕಲು ಹಿಡಿದುಬಿಡುತ್ತಾನೆ; ಬರಿ ನೆಲವನ್ನು ಎಲ್ಲಿ ಬೇಕಾದರೂ ಹಾಸಬಹುದು. ಹಾಗಾಗಿ ಆ ಹೊಸ್ತಿಲ ಮುಂದಿನ ನೆಲವನ್ನೇ ನನ್ನ ಕೋಟೆಯ ಎಲ್ಲ ಮನೆಗಳ ಮುಂದೆಯೂ ಹಾಸಿದೆ.

ಬಾಡಿಗೆ ಮನೆ ಹುಡುಕುವುದು ಇದಕ್ಕಿಂತ ಕಷ್ಟವಾಯಿತು. "ಒಬ್ಳೇನಾ? ಫ್ಯಾಮಿಲಿಗೆ ಮಾತ್ರ ಕೊಡೋದು" ಎಂದು ಕೇಳಿ ಕೇಳಿ ಮುಖ ಸಣ್ಣದಾಗಿತ್ತು. ಕೊನೆಗೆ ಹೂಂ ಅಂದವರು ಸರೋಜಮ್ಮ. ಮನೆ ನೋಡಲು ಹೋದರೆ ಅದೇ ಬಾಗಿಲು! ಈಗ ಅಲ್ಲಿ ದೊಡ್ಡ ಚುಕ್ಕಿ ರಂಗೋಲಿ ಇತ್ತು. ಮಹಡಿಯ ಮೇಲಿನ ಒಂಟಿ ಕೋಣೆ ನನ್ನದಾಯಿತು.

ಚಳಿಗಾಲದಲ್ಲಿ ಇಲ್ಲಿ ಹಿತ್ಕಿದ ಬೇಳೆ ಸಾರು ಮಾಡುತ್ತಾರೆ. ನೆನೆಸಿದ ಅವರೆಕಾಳನ್ನು ಒಂದೊಂದಾಗಿ ಹಿಚುಕಿ ಸಿಪ್ಪೆ ಬಿಡಿಸಬೇಕು. ನಮ್ಮಲ್ಲಿ ಹೆಂಗಸರು ಕೂತು ರೊಟ್ಟಿ ತಟ್ಟುವಂತೆ ಇಲ್ಲಿ ಕೂತು ಅವರೆ ಹಿಚುಕುತ್ತಾರೆ. ನಾನು ಹಿಚುಕಿದ ಬೇಳೆ ಗೋಡೆಗೆ ಹಾರಿತು. "ಮೆಲ್ಗೆ ಕಣಮ್ಮ, ಅದೇನ್ ಓಡೋಗಲ್ಲ" ಎಂದು ಸರೋಜಮ್ಮ ನಕ್ಕರು. ನಾನು ಮೊದಲ ಸಲ ಮುದ್ದೆಯನ್ನು ಅಗಿಯದೆ ನುಂಗಿದ ದಿನ ಬೀದಿಗೆಲ್ಲ ಹೇಳಿಕೊಂಡು ಬಂದರು.

ಆ ಸಲಿಗೆಯಿಂದಲೇ ಒಂದು ಭಾನುವಾರ ಲ್ಯಾಪ್‌ಟಾಪ್ ತೆರೆದು ಅವರಿಗೆ ಆಟ ತೋರಿಸಿದೆ. ಬೀದಿ ಗುರುತಿಸಿ ಹಿಗ್ಗಿದರು. ತಮ್ಮ ಮನೆ ಬಂದಾಗ ತೆರೆಗೆ ಬಾಗಿ ನೋಡಿದರು. ಪಕ್ಕದ ಮನೆ, ಎದುರು ಮನೆ, ಎಲ್ಲವನ್ನೂ ತೋರಿಸು ಎಂದರು.

"ಇದ್ಯಾವಾಗ ತೆಗ್ದಿದ್ದು?"

ಮೊದಲ ಸಲ ಬಂದಾಗ ಎಂದೆ.

"ನಮ್ಮತ್ತೆ ಹೋಗಿದ್ರು ಆಗ. ತಿಥಿ ಆಗೋವರ್ಗೂ ರಂಗೋಲಿ ಹಾಕಂಗಿಲ್ಲ. ಅದನ್ನ ಎಲ್ರ ಮನೆಗೂ ಇಟ್ಟಿದ್ಯಲ್ಲಮ್ಮ? ಇಡೀ ಕೋಟೆಗೇ ಸೂತಕ ಮಾಡ್ಬಿಟ್ಟೆ!"

ಅವರು ಎದ್ದು ಅಡುಗೆಮನೆಗೆ ಹೋದರು. ಸೂತಕದ ಮನೆಯಲ್ಲಿ ರಂಗೋಲಿ ಹಾಕುವುದಿಲ್ಲ ಎಂಬುದು ನನಗೇನು ಗೊತ್ತಿಲ್ಲದ್ದಲ್ಲ, ನಮ್ಮಲ್ಲೂ ಅದೇ ಪದ್ಧತಿ. ಆದರೆ ಕ್ಯಾಮೆರಾ ಹಿಡಿದಾಗ ನನಗೆ ಕಂಡದ್ದು ನೆಲ ಮಾತ್ರ. ಮರುದಿನ ಅವರು ಎಂದಿನಂತೆ ಊಟಕ್ಕೆ ಬಾ ಎಂದು ಕೆಳಗಿನಿಂದ ಕೂಗಲಿಲ್ಲ, ಅದರ ಮರುದಿನವೂ ಇಲ್ಲ. ಮನೆ ಖಾಲಿ ಮಾಡು ಅಂದರೆ ಎಲ್ಲಿಗೆ ಹೋಗಲಿ? ಮತ್ತೆ ಆ 'ಫ್ಯಾಮಿಲಿಗೆ ಮಾತ್ರ' ಮನೆಗಳ ಕದ ತಟ್ಟಬೇಕೆ? ಮೆಟ್ಟಿಲಲ್ಲಿ ಚಪ್ಪಲಿ ಸದ್ದಾದರೂ ಕೆಲಸ ಬಿಟ್ಟು ಕಿವಿಗೊಡುತ್ತಿದ್ದೆ.

ಒಂದು ಬೆಳಗ್ಗೆ ಆ ಸದ್ದು ನನ್ನ ಬಾಗಿಲಿಗೇ ಬಂದು ನಿಂತಿತು. ಹೇಳಲಿ, ಮುಗಿದುಹೋಗಲಿ ಎಂದುಕೊಂಡು ಕದ ತೆಗೆದೆ.

"ಫೋಟೊ ಮಿಷಿನ್ ತಗೊಂಡ್ ಬಾ. ನೀರ್ ಹಾಕಿ ರಂಗೋಲಿ ಬಿಡ್ತಾವ್ರೆ ಎಲ್ರೂ. ತುಳ್ದಾಕೋಕ್ ಮುಂಚೆ ತೆಕ್ಕೋ."

ಅವರು ಮುಂದೆ, ನಾನು ಹಿಂದೆ. ಮನೆಮನೆಯ ಮುಂದೂ ನಿಂತು, "ನಮ್ ಹುಡ್ಗಿ, ಮೇಲ್ಗಡೆ ಇರೋದು" ಎಂದು ಪರಿಚಯಿಸಿದರು. ಬೀದಿ ಮುಗಿಸಿ ಬಂದ ಮೇಲೆ ರಂಗೋಲಿ ಡಬ್ಬಿಯನ್ನು ನನ್ನ ಕೈಗಿಟ್ಟರು. "ನಿನ್ ಬಾಗ್ಲು ಯಾಕೆ ಬರಿದಾಗೈತೆ? ಅಲ್ಲೂ ಬಿಡು. ಈ ಮನೆಯೋಳೇ ತಾನೆ?"

ಮಹಡಿಗೆ ಹೋಗಿ, ನೆಲ ಒರೆಸಿ, ಚುಕ್ಕಿ ಇಡುತ್ತಿರುವಾಗ ಕೊಪ್ಪಳದಿಂದ ಅವ್ವನ ಫೋನು ಬಂತು.

"ಏನ್ ಮಾಡಾಕತ್ತೀ?"

"ಮನೀ ಬಾಗಿಲಿಗೆ ರಂಗೋಲಿ ಹಾಕಾಕತ್ತೀನವ್ವ" ಎಂದೆ, ಯೋಚಿಸದೆ, ಖುಷಿಯಲ್ಲಿ.

ಅತ್ತಲಿಂದ ಅವಸರದ ಹೆಜ್ಜೆಗಳು ಕೇಳಿಸಿದವು. ಆಮೇಲೆ ನಮ್ಮ ಮನೆಯ ಮುಂಬಾಗಿಲ ಚಿಲಕ ತೆಗೆದ ಸದ್ದು.

"ಎಲ್ಲಿ ಅದೀಯವ್ವಾ?" ಎಂದಳು ಅವ್ವ. "ಇಲ್ಲಿ ಯಾರೂ ಕಾಣವಲ್ರು."